ಟೀಚರಮ್ಮನಿಗೆ ಹೇಳಿದ ನರಿ ಕತೆ

ನನ್ನ ಮೊಮ್ಮಗಳಿಗೆ ಒಂದನೇ ಕ್ಲಾಸಲ್ಲಿ ಕಲಿಸಿದ ಟೀಚರಮ್ಮ ಈಗ ಮೊರಪ್ಪೂರು ಕಡೆಗೆ ಟ್ರಾನ್ಸ್‌ಫರ್ ಆಗಿ ಹೋಗವ್ರೆ. ತಮಿಳಿನೋರು; ನಮ್ಮೂರಿರೋದೂ ತಮಿಳುನಾಡಲ್ಲೇ, ಸ್ಕೂಲೂ ತಮಿಳಿಂದೇ. ಬೆಳಿಗ್ಗೆ ಸ್ಕೂಲ್ ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಊರಿ ಕೂತು, ಒಂದೊಂದು ಮಗೂನ ಮುಖಾನೂ ನೋಡಿ ಒಳಗೆ ಬಿಡೋರು. ಮಗು ಮಾತಿಗೆ ತಡವರಿಸಿದ್ರೆ ಅವರದ್ದು ಒಂದೇ ಮಾತು: "ಮೆದುವಾ, ಮೆದುವಾ." ಮೆಲ್ಲಗೆ ಹೇಳು, ನಾನು ಕಾಯ್ತೀನಿ ಅಂತ.

ನಮ್ಮ ಹುಡುಗಿ ಅವರ ಹತ್ರ ಬಾಯೇ ಬಿಡ್ತಿರಲಿಲ್ಲ. ಮನೇಲಿ ಕನ್ನಡ ಆಡೋದ್ರಿಂದಲೇ ಹಿಂಗಾಯ್ತು ಅಂತ ನನ್ನ ಮಗ ತೀರ್ಮಾನ ಮಾಡ್ದ.

"ಅಮ್ಮಾ, ಇನ್ಮ್ಯಾಲೆ ಮಗೂತಾವ ತಮಿಳೇ ಆಡು. ಕನ್ನಡದ ಕತೆ ಬ್ಯಾಡ."

ನನ್ನ ಗಂಡನ ಕೈಲೇ ನನ್ನ ಬಾಯಿ ಕಟ್ಟೋಕೆ ಆಗಿರಲಿಲ್ಲ, ಮಗ ಕಟ್ಟಿದ. ನನ್ನ ತಮಿಳು ಸಂತೆಗೆ ಸಾಕು, ಕತೆಗೆ ಸಾಲ್ದು. ನಾನು ಕತೆ ನಿಲ್ಲಿಸಿದೆ. ಮಗು ಮನೇಲೂ ಮಾತು ನಿಲ್ಲಿಸ್ತು.

ಒಂದು ಸಂಜೆ ಟೀಚರಮ್ಮ ಮನೆಗೇ ಬಂದ್ರು. ಸಂಗತಿ ಕೇಳಿ ಮಗನನ್ನ ಬೈಯ್ಯಲಿಲ್ಲ. ಮಗ್ಗದ ಪಕ್ಕ, ನನ್ನ ಎದುರಿಗೆ ನೆಲದ ಮೇಲೆ ಕೂತು, "ಪಾಟ್ಟಿ, ಕನ್ನಡತ್ತುಲೇ ಒರು ಕದೆ ಸೊಲ್ಲುಂಗ" ಅಂದ್ರು. ಅಜ್ಜಿ ಒಂದು ಕತೆ ಕನ್ನಡದಲ್ಲೇ ಹೇಳಬೇಕಂತೆ! ಮೊಮ್ಮಗಳನ್ನ ಮಡಿಲಲ್ಲಿ ಕೂರಿಸ್ಕೊಂಡು ನರಿ ಕತೆ ಹೇಳ್ದೆ. ಅವರಿಗೆ ಏನೂ ತಿಳೀಲಿಲ್ಲ. ನರಿ ಏನ್ಮಾಡ್ತು ಅಂತ ಮೊಮ್ಮಗಳ ಕಡೆ ತಿರುಗಿ ಕೇಳಿದ್ರು.

ಅಷ್ಟು ಒಳ್ಳೆ ಕತೆ ಟೀಚರಿಗೆ ತಿಳೀದೆ ಹೋಯ್ತಲ್ಲಾ ಅಂತ ಮಗೂಗೆ ತಡೆಯೋಕಾಗಲಿಲ್ಲ. ನನ್ನ ಮಡಿಲಿಂದ ಎದ್ದು ತಮಿಳಲ್ಲಿ ಶುರು ಮಾಡಿದ್ಲು. ಟೀಚರಮ್ಮ ಆತುರಕ್ಕೆ ಬಿದ್ದು, ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಕೇಳ್ತಾನೇ ಇದ್ರು. ಹುಡುಗಿ ಅವರ ಗಲ್ಲ ಹಿಡ್ಕೊಂಡು ಹೇಳಿದ್ಲು:

"ಮೆದುವಾ ಟೀಚರ್, ಮೆದುವಾ."