ಎಡದಿಂದ ಮೂರನೆಯವನು

ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಫೋಟೋಗಳನ್ನು ಯಾಕೆ ಕೂಡಿಹಾಕುತ್ತೀರಿ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಮೂವತ್ತೆಂಟು ವರ್ಷ ಎಕ್ಸ್-ರೇ ನೋಡಿದವನಿಗೆ ರಿಟೈರ್ ಆದ ಮೇಲೂ ನೋಡಲು ಏನಾದರೂ ಬೇಕು. ನಾನು ಆಸ್ಪತ್ರೆ ಬಿಡುವುದಕ್ಕೂ ಕೋವಿಡ್ ಬರುವುದಕ್ಕೂ ಸರಿಹೋಗಿತ್ತು. ಅದೇ ಬೇಸಿಗೆಯಲ್ಲಿ, ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಓಣಿಯಲ್ಲಿ ತೀರಿಹೋದ ಮಾಜಿ ಅಮೆರಿಕನ್ ಸೈನಿಕರೊಬ್ಬರ ಸಾಮಾನನ್ನೆಲ್ಲ ಮನೆಯೆದುರಿನ ಡ್ರೈವ್‌ವೇಯಲ್ಲಿ ಮಾರಾಟಕ್ಕೆ ಇಟ್ಟಿದ್ದರು. ಹೆಂಡತಿ ಹೂಕುಂಡ ಆರಿಸುತ್ತಿದ್ದಳು. ನಾನು ಒಂದು ಬಿಸ್ಕತ್ತಿನ ಡಬ್ಬಿ ತೆರೆದೆ. ಯುದ್ಧ ಮುಗಿಸಿ ಬರುವಾಗ ಅವರು ಎತ್ತಿಕೊಂಡು ಬಂದಿದ್ದ ಶತ್ರುಗಳ ಫೋಟೋಗಳು. ಅಲ್ಲಿಂದ ಈ ಹುಚ್ಚು ಹಿಡಿಯಿತು.

"ಆ ಸುಡುಗಾಡು ಸಿಪಾಯಿಗಳನ್ನ ಮನ್ಯಾಗ ಯಾಕ ಇಟ್ಗೋತೀರಿ? ಕೆಟ್ಟ ಮಂದಿ ಅವ್ರು" ಎಂದು ಹೆಂಡತಿ ಧಾರವಾಡದ ದನಿಯಲ್ಲೇ ಬೈದಳು. ಸುಳ್ಳೇನಲ್ಲ. ಅವರು ಯಾರ ಪರವಾಗಿ ಬಂದೂಕು ಹಿಡಿದಿದ್ದರೆಂಬುದನ್ನು ನಾನೂ ಮರೆತಿಲ್ಲ. ಆದರೆ ಗುರುತಿಲ್ಲದ ಮುಖ ಕಂಡರೆ ಪತ್ತೆಮಾಡದೆ ನನಗೆ ಊಟ ಸೇರುವುದಿಲ್ಲ. ಹೆಗಲ ಪಟ್ಟಿ, ತೋಳಿನ ಗುರುತು, ಹಿಂಬದಿಯ ಸ್ಟುಡಿಯೋ ಮುದ್ರೆ ಇವನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿ ಯಾವ ದಳ, ಯಾವ ಊರು ಎಂದು ಬರೆದಿಡುತ್ತಿದ್ದೆ. ಪೆನ್ಸಿಲ್ ಬರಹ ಓದಲೆಂದು ಜರ್ಮನರ ಹಳೆಯ ಕೈಬರಹವನ್ನೂ ಕಲಿತೆ. ನಮ್ಮಜ್ಜನ ಕಾಲದ ಮೋಡಿ ಲಿಪಿಯ ಹಾಗೆ, ಅದು ಈಗಿನ ಜರ್ಮನರಿಗೇ ಓದಲು ಬರುವುದಿಲ್ಲ.

ಈ ವಿಷಯ ಎರಡು ಮನೆ ಆಚೆಯ ಅಜ್ಜಿಯ ಕಿವಿಗೆ ಬಿತ್ತು. ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದವರನ್ನು ಮದುವೆಯಾಗಿ ಇಲ್ಲಿಗೆ ಬಂದವರು; ಎಂಬತ್ತರ ಹತ್ತಿರದವರು. ಲಸಿಕೆ ಹಾಕಿಸಿಕೊಂಡ ಮೇಲೆ ಒಂದು ದಿನ ಲಕೋಟೆ ಹಿಡಿದು ಬಂದರು. ಅಪ್ಪ ಯುದ್ಧಕ್ಕೆ ಹೋದಾಗ ಅವರು ತೊಟ್ಟಿಲ ಕೂಸು. ಅಪ್ಪ ಮರಳಲಿಲ್ಲ. ತಾಯಿ ಇನ್ನೊಂದು ಮದುವೆಯಾಗಿ, ಮೊದಲ ಗಂಡನ ಒಂದು ಚಿತ್ರವನ್ನೂ ಮನೆಯಲ್ಲಿ ಉಳಿಸಲಿಲ್ಲ. ಚಿಕ್ಕಮ್ಮ ಗುಟ್ಟಾಗಿ ಎತ್ತಿಟ್ಟಿದ್ದ ಒಂದೇ ಒಂದು ಫೋಟೋ ಈಗ ಅಂಚೆಯಲ್ಲಿ ಬಂದಿತ್ತು. ಮೂರು ಸಾಲಿನಲ್ಲಿ ಇಪ್ಪತ್ತೊಂದು ಮಂದಿ ಸೈನಿಕರು.

"ಡಾಕ್ಟರ್, ಇದರಲ್ಲಿ ನಮ್ಮಪ್ಪ ಯಾರು? ನನ್ನ ಕಣ್ಣು ಮಂಜಾಗ್ತಾ ಇದೆ. ಪೂರ್ತಿ ಹೋಗೋದಕ್ಕೆ ಮುಂಚೆ ಒಂದು ಸಲ ನೋಡಬೇಕು" ಎಂದರು.

ದೀಪವನ್ನು ಓರೆಯಾಗಿ ಹಿಡಿದು ಹಿಂಬದಿ ಓದಿದೆ. "ಎರಡನೇ ಸಾಲು, ಎಡದಿಂದ ಮೂರನೆಯವನು ನಾನು. ಮಗುವಿಗೆ ತೋರಿಸು." ಫೋಟೋ ತಿರುಗಿಸಿ, ಎಣಿಸಿ, ಬೆರಳಿಟ್ಟು ತೋರಿಸಿದೆ. ತುಂಬುಗಲ್ಲದ, ಬಾಯ್ತುಂಬ ನಗುವ ಆಳು. ಅಜ್ಜಿ ಅತ್ತರು. "ನನ್ನ ಮಗನಿಗೂ ಕೆನ್ನೆಯಲ್ಲಿ ಇದೇ ಗುಳಿ" ಎಂದರು. ಆ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ಕೊಟ್ಟೆ. ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಒಂದು ವರ್ಷದ ಮೇಲೆ, ಬ್ಯಾಲಂಟೈನ್‌ನಲ್ಲಿರುವ ನನ್ನ ಮಗನ ಮನೆಯಲ್ಲಿ ಮೊಮ್ಮಗಳ ನಾಮಕರಣವಾಯಿತು. ಗ್ರೂಪ್ ಫೋಟೋವನ್ನು ಊರಿನವರ ವಾಟ್ಸಾಪ್‌ಗೆ ಹಾಕಿ, ಎಡದಿಂದ ಯಾರು ಯಾರೆಂದು ಬರೆದೆ. ಹೆಂಡತಿ ಬಿದ್ದು ಬಿದ್ದು ನಕ್ಕಳು. "ಎಡಗಡೆ ಅಂದ್ರ ಯಾವುದ್ರೀ ನಿಮಗ? ನಮ್ಮ ಕಾಕಾನ್ನ ಒಯ್ದು ಬೀಗತಿ ಜಾಗಾದಾಗ ನಿಂದರಿಸೀರಲ್ಲ!"

ಎಕ್ಸ್-ರೇಯಲ್ಲಿ ರೋಗಿ ನಮಗೆ ಎದುರಾಗಿರುತ್ತಾನೆ. ಅವನ ಎಡ ನಮ್ಮ ಬಲಕ್ಕೆ ಬರುತ್ತದೆ. ಮೂವತ್ತೆಂಟು ವರ್ಷ ಹಾಗೆ ನೋಡಿದ ಕಣ್ಣು ತಾನಾಗಿಯೇ ಬಲಗಡೆಯಿಂದ ಎಣಿಸಿತ್ತು. ಎಲ್ಲರೂ ನಗುತ್ತಿದ್ದರು, ನನಗೆ ಅಜ್ಜಿಗೆ ಎಣಿಸಿ ತೋರಿಸಿದ್ದ ಫೋಟೋ ನೆನಪಾಯಿತು.

ಮನೆಗೆ ಬಂದವನೇ ಕಂಪ್ಯೂಟರಿನಲ್ಲಿದ್ದ ಪ್ರತಿ ತೆಗೆದೆ. ಸೈನಿಕ ತನ್ನ ಎಡವನ್ನೇ ಹೇಳಿರಬಹುದಲ್ಲ ಎಂಬ ಆಸೆಯೊಂದಿತ್ತು. ಅದೂ ಉಳಿಯಲಿಲ್ಲ. ಫೋಟೋದ ಜೊತೆ ಅಜ್ಜಿ ತೋರಿಸಿದ್ದ, ಸೈನ್ಯದಿಂದ ಬಂದ ಸಾವಿನ ಪತ್ರದ ಪ್ರಕಾರ ಅವರಪ್ಪ ಕೊನೆಯವರೆಗೂ ಸಾಧಾರಣ ಸಿಪಾಯಿ. ನಗುವವನ ತೋಳಿನ ಮೇಲೆ ಬಡ್ತಿಯ ಪಟ್ಟಿ. ತೋಳು ನೋಡುವುದೇ ಕೆಲಸವಾದ ನಾನು ಅದನ್ನೂ ನೋಡಿರಲಿಲ್ಲ. ನಿಜವಾದ ಮೂರನೆಯವನು ಸಣಕಲ. ಚಿತ್ರ ತೆಗೆಯುವ ಗಳಿಗೆಯಲ್ಲಿ ತಲೆ ಅಲುಗಿಸಿದ್ದರಿಂದ ಮುಖವೆಲ್ಲ ಕಲಸಿಹೋಗಿತ್ತು. ಇಪ್ಪತ್ತು ಜನ ನೆಟ್ಟಗೆ ನಿಂತಿದ್ದಾರೆ, ಇವನೇ ಅಲುಗಬೇಕಿತ್ತೆ ಎಂದು ಸಿಟ್ಟು ಬಂತು. ನನ್ನ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

"ಸುಮ್ನಿರ್ರೀ, ಆಕಿ ಖುಷಿಯಾಗಿದ್ದಾಳ" ಎಂದಳು ಹೆಂಡತಿ. ಮೂರು ದಿನ ಸುಮ್ಮನಿದ್ದೆ. ಆದರೆ ಅಜ್ಜಿಯ ಕಣ್ಣು ನನ್ನ ಧೈರ್ಯ ಬರುವವರೆಗೆ ಕಾಯುವುದಿಲ್ಲ. ನಾಲ್ಕನೆಯ ದಿನ ಹೋಗಿ ಹೇಳಿಬಿಟ್ಟೆ.

ಅವರ ಮುಖ ಕೆಂಪಾಯಿತು. "ಒಂದು ವರ್ಷ ದಿನಾ ಬೆಳಿಗ್ಗೆ ಯಾರದೋ ಅಪ್ಪನ್ನ ಮಾತಾಡಿಸಿದೆನಲ್ಲ ಡಾಕ್ಟರ್!" ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವರು ಎದ್ದುಹೋಗಿ ಮೂಲ ಫೋಟೋ ಮತ್ತು ಭೂತಗನ್ನಡಿ ತಂದರು. ನನ್ನ ಬೆರಳು ಹಿಡಿದುಕೊಂಡು ತಾವೇ ಎಣಿಸಿದರು: ಒಂದು, ಎರಡು, ಮೂರು.

"ಮುಖ ಕಾಣಿಸ್ತಿಲ್ಲ" ಎಂದರು.

"ನಿಮ್ಮ ಕಣ್ಣಿನ ತಪ್ಪಲ್ಲ. ಅವರು ಅಲುಗಾಡಿದ್ದಾರೆ."

"ನಿಮಗೂ ಇಷ್ಟೇ ಕಾಣೋದಾ?"

"ನನಗೂ ಇಷ್ಟೇ. ಯಾರಿಗಾದರೂ ಇಷ್ಟೇ."

"ಹಾಗಾದರೆ ನಾನು ನೋಡೋದು ತಡವಾಗಿಲ್ಲ" ಎಂದರು. ಫ್ರೇಮ್ ಬಿಚ್ಚಿ, ನಗುವವನನ್ನು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ತಮ್ಮಪ್ಪನನ್ನೂ ಅಷ್ಟೇ ದೊಡ್ಡದು ಮಾಡಿಸಿ ತರಬೇಕೆಂದು ಹೇಳಿ, ಖಾಲಿ ಫ್ರೇಮನ್ನು ಒರೆಸಿ ಅದೇ ಜಾಗದಲ್ಲಿ ನಿಲ್ಲಿಸಿದರು.