ಮ್ಯಾನೇಜರ ಮೇಜಿನ ಹೊಸ ಫೋನು

ತೊಂಬತ್ತರ ದಶಕದ ಕೊನೆಯಲ್ಲಿ ಹೂಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನಾನು ಟೆಲಿಫೋನ್ ನೋಡಿಕೊಳ್ಳುತ್ತಿದ್ದೆ. ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು ನಾನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಆ ವರ್ಷ ದಸರೆಗೆ ಮುಂಚೆ ಹೊಸ ಫೋನುಗಳು ಬಂದವು. ಪ್ರತಿಯೊಂದರಲ್ಲೂ ಒಂದು ಸಾಲು ಗುಂಡಿಗಳು. ಯಾವ ಗುಂಡಿ ಒತ್ತಿದರೆ ಯಾರ ಮೇಜಿನಲ್ಲಿ ರಿಂಗ್ ಆಗಬೇಕೆಂದು ನಾವೇ ಅದಕ್ಕೆ ಕಲಿಸಬೇಕು. ಇಂಗ್ಲಿಷ್ ಪುಸ್ತಕವನ್ನು ಅಕೌಂಟ್ಸ್ ಮೇಡಂ ಓದಿ ಹೇಳಿದರು, ನಾನು ಒತ್ತಿದೆ. ಮೊದಲು ಪ್ರೋಗ್ರಾಂ ಗುಂಡಿ, ಆಮೇಲೆ ಬೇಕಾದ ಗುಂಡಿ, ನಂತರ ನಂಬರು. ಪೀಂ ಎಂದರೆ ಮುಗಿಯಿತು. ಮ್ಯಾನೇಜರ ಫೋನಿನ ಮೊದಲ ಗುಂಡಿ ನನ್ನ ಮೇಜಿಗೆ. ಆಯುಧಪೂಜೆಯ ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು.

ವಿಜಯದಶಮಿ ಕಳೆದು ಬಂದು ನೋಡಿದರೆ ಮ್ಯಾನೇಜರ ಫೋನಿನಲ್ಲಿ ಒಂದು ಗುಂಡಿಯೂ ಮಾತು ಕೇಳುತ್ತಿಲ್ಲ.

"ಏನ್ರೀ ಇದು? ಟೆಲಿಫೋನ್ ಕೋರ್ಸ್ ಮಾಡಿರೋ ಹುಡುಗಿ ಒಬ್ಳು ಇಲ್ಲೇ ವಿಜಯನಗರದಲ್ಲಿದಾಳೆ. ನಿಮ್ ಜಾಗಕ್ಕೆ ನಾಳೆ ಬಾ ಅಂತ ಹೇಳ್ಬುಟ್ಟಿದೀನಿ. ಸಾಯಂಕಾಲದೊಳಗೆ ಸರಿಹೋದ್ರೆ ನಿಮ್ ಪುಣ್ಯ," ಎಂದು ಮ್ಯಾನೇಜರು ಕಾರ್ಖಾನೆಯೊಳಗೆ ಹೋದರು.

ಎಲ್ಲವನ್ನೂ ಹೊಸದಾಗಿ ಕಲಿಸೋಣವೆಂದರೆ ಪ್ರೋಗ್ರಾಂ ಗುಂಡಿಯೂ ಉಸಿರೆತ್ತಲಿಲ್ಲ. ಊಟದ ಹೊತ್ತು ಮೀರಿತು. ಊರಿಗೆ ವಾಪಸು ಹೋಗಿ ಅಣ್ಣನಿಗೆ ಏನು ಹೇಳುವುದೆಂದು ಯೋಚಿಸುತ್ತಾ ಕೂತಿದ್ದೆ.

ಮೇಡಂ ಬಂದು ಬಗ್ಗಿ ನೋಡಿದರು. "ಅಲ್ಲಾ ಕಣ್ರೀ, ಈ ಮೊದಲ್ನೇ ಗುಂಡಿ ಯಾಕೆ ಒಳಕ್ಕೆ ಕೂತಿದೆ?"

ಮ್ಯಾನೇಜರು ಮಠದ ಶಿಷ್ಯ ಮನೆತನದವರು. ಆಯುಧಪೂಜೆಯಲ್ಲಿ ಹೊಸ ಫೋನಿಗೆ ತಾವೇ ವಿಭೂತಿ ಎಳೆದು, ಮೊದಲ ಗುಂಡಿಯ ಮೇಲೆ ದಪ್ಪನಾಗಿ ಗಂಧ ಇಟ್ಟಿದ್ದರು. ಅದು ಸಂದಿಗಿಳಿದು ಒಣಗಿ, ಗುಂಡಿಯನ್ನು ಒತ್ತಿ ಹಿಡಿದುಬಿಟ್ಟಿತ್ತು. ಒಂದು ಗುಂಡಿ ಒತ್ತಿಕೊಂಡೇ ಇದ್ದರೆ ಉಳಿದವು ಹೇಗೆ ಕೇಳಬೇಕು?

"ನೀವೇ ಒರೆಸ್ಬುಡಿ ಮೇಡಂ. ಸಾಹೇಬ್ರು ಇಟ್ಟಿದ್ದು, ನಂಗೆ ಭಯ."

"ಚೆನ್ನಾಗಿದೆ! ಚರ್ಚಿಗೆ ಹೋಗೋಳು ಪೂಜೆ ಗಂಧ ಕೆರೆದಳು ಅಂತ ನನ್ ತಲೆ ಮೇಲೆ ಬರ್ಲಿ ಅಂತಾನಾ? ಹೋಗಿ ಅವ್ರನ್ನೇ ಕರೀರಿ."

ಕರೆದು ತೋರಿಸಿದೆ.  ಮ್ಯಾನೇಜರು ಫೋನಿಗೆ ಕೈಮುಗಿದು, ಕರವಸ್ತ್ರ ಒದ್ದೆ ಮಾಡಿ ಒರೆಸಿದರು. ಟಕ್ ಎಂದು ಗುಂಡಿ ಮೇಲೆದ್ದಿತು. ಮತ್ತೆ ಒತ್ತಿದರು. ಹೊರಗೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಓಡಿಹೋಗಿ ಎತ್ತಿದೆ.

"ಕೇಳಿಸ್ತಿದೆ ಕಣ್ರೀ," ಎಂದರು ಒಳಗಿನಿಂದ. "ಆ ಹುಡುಗಿ ಮನೆಗೆ ಫೋನ್ ಮಾಡಿ, ಬರೋದ್ ಬೇಡ ಅಂದ್ಬುಡಿ."

ಅವಳ ತಂದೆ ಫೋನ್ ಎತ್ತಿದರು. ಕ್ಷಮೆ ಕೇಳಿಕೊಂಡೇ ವಿಷಯ ಹೇಳಿದೆ.

"ಹೋಗ್ಲಿ ಬುಡಿ ಸಾರ್," ಎಂದರು ಅವರು. "ಅವ್ಳಿಗೆ ಬ್ಯಾಂಕಲ್ಲಿ ಕೆಲ್ಸ ಸಿಕ್ತು. ನಿಮ್ಗೆ ಹೆಂಗ್ ಹೇಳೋದು ಅಂತ ನಾವೇ ಒದ್ದಾಡ್ತಿದ್ವಿ."

ರಿಸೀವರ್ ಇಟ್ಟು, ಬೆಳಿಗ್ಗೆ ತಂದ ಚಿತ್ರಾನ್ನದ ಡಬ್ಬಿ ತೆರೆದೆ.