ಟ್ಯಾಂಕಿನ ಮೇಲಿನ ಬಟ್ಟೆ

ಐಸ್ ಫ್ಯಾಕ್ಟರಿಯ ಮೆಕ್ಯಾನಿಕನನ್ನು ಎಲ್ಲರೂ ಕರೆಯುತ್ತಿದ್ದುದು ಗಾಳಿಯಣ್ಣ ಎಂದು. ಬೀಡಿ, ಹರಟೆ ಎರಡೂ ಇಲ್ಲದ ಮನುಷ್ಯ. ಇದ್ದ ಒಂದೇ ಜಂಬವೆಂದರೆ ಗಾಳಿಯ ನಾಡಿ ತನಗೆ ಗೊತ್ತು ಎಂಬುದು. ಯಂತ್ರದೊಳಗೆ ಸೇರಿಕೊಂಡ ಹಳೆಯ ಎಣ್ಣೆಯನ್ನು ಆಗಾಗ ತೆಗೆಯಬೇಕು. ಆಗ ನೀರನ್ನು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯಾ ಎಂಬ ವಿಷಾನಿಲವೂ ಸ್ವಲ್ಪ ಹೊರಬರುತ್ತದೆ. ಅದನ್ನು ಗಾಳಿ ಹೊತ್ತೊಯ್ಯಲಿ ಎಂದು ಅವನು ಎತ್ತರದ ನೀರಿನ ಟ್ಯಾಂಕಿಗೆ ಕೆಂಪು ಬಟ್ಟೆಯೊಂದನ್ನು ಕಟ್ಟಿದ್ದ. ಬಟ್ಟೆ ಹಾರಾಡಿದರೆ ವಾಲ್ವ್ ತಿರುಗಿಸುವುದು, ಇಲ್ಲವಾದರೆ ಕೈಕಟ್ಟಿ ಕೂರುವುದು. ಹಗಲಿನಲ್ಲಿ ಈ ಲೆಕ್ಕ ಎಂದೂ ತಪ್ಪಿರಲಿಲ್ಲ.

ಆ ದಿನ ಯಂತ್ರ ಕೈಕೊಟ್ಟು ಎಣ್ಣೆ ತೆಗೆಯುವ ಕೆಲಸ ಸಂಜೆಗೆ ಬಿತ್ತು. ಸೂರ್ಯ ಮುಳುಗಿ, ಆಕಾಶ ತೊಳೆದಿಟ್ಟಂತಿತ್ತು. ಹೆಂಡತಿ ಊಟದ ಡಬ್ಬಿ ತಂದಳು. ಸೊಂಟದ ಮೇಲೆ ಮೊಮ್ಮಗಳು. ಅವರ ಮನೆ ಫ್ಯಾಕ್ಟರಿಯ ಕೆಳಗಿನ ತಗ್ಗು ಬೀದಿಯಲ್ಲಿತ್ತು.

“ಈಗ ಗ್ಯಾಸ್ ಬಿಡ್ಬೇಡಿ. ನಮ್ಮ ಬೀದೀಲಿ ಒಂದು ಎಲೆ ಅಲ್ಲಾಡ್ತಿಲ್ಲ. ಒಲೆ ಹೊಗೆ ಹೊಸ್ತಿಲಲ್ಲೇ ಮಲಗಿದೆ.”

“ಮೇಲೆ ನೋಡೇ. ಬಟ್ಟೆ ಹರಿದುಹೋಗೋ ಹಾಗೆ ಹೊಡ್ಕೊಳ್ತಿದೆ.”

“ನಾವೇನು ಟ್ಯಾಂಕ್ ಮೇಲೆ ಸಂಸಾರ ಮಾಡ್ತಿದ್ದೀವಾ?”

“ಗಾಳಿ ವಿಷ್ಯ ನಂಗೆ ಹೇಳ್ಕೊಡ್ಬೇಡ. ನಡಿ, ಮಗೂನ ಮಲಗಿಸು.”

ಅವಳು ಇಳಿದು ಹೋದಳು. ಅವನು ವಾಲ್ವ್ ತಿರುಗಿಸಿದ. ತೆರೆಯುವಾಗ ಸಲೀಸಾಗಿ ತಿರುಗಿದ್ದು ಮುಚ್ಚಲು ಹೋದಾಗ ಹಟ ಹಿಡಿಯಿತು.

ಕೊರೆಯುವಷ್ಟು ತಣ್ಣಗಿದ್ದ ಬಿಳಿಯ ಆವಿ ಮೇಲೇಳಲಿಲ್ಲ. ಉಕ್ಕಿದ ಹಾಲಿನಂತೆ ನೆಲದ ಮೇಲೆ ಹರಡಿ, ಚರಂಡಿಯ ಜಾಡು ಹಿಡಿದು ತಗ್ಗಿಗೆ ಇಳಿಯತೊಡಗಿತು. ಆಕಾಶ ತಿಳಿಯಾದ ಸಂಜೆ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ಅಂಟಿದ ಗಾಳಿಯೂ ತಣಿದು, ಭಾರವಾಗಿ ಬಿದ್ದುಕೊಳ್ಳುತ್ತದೆ. ಮೇಲಿನ ಗಾಳಿ ಅದನ್ನು ಕಲಕುವುದಿಲ್ಲ. ನೆಲದ ಹಿಡಿತ ತಪ್ಪಿದ್ದರಿಂದ ಇನ್ನೂ ವೇಗವಾಗಿ ಅದರ ಮೇಲೆ ಜಾರಿಹೋಗುತ್ತದೆ. ಬಟ್ಟೆ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಬೇರೆ ಗಾಳಿಯ ಸುದ್ದಿ.

ಸ್ಪ್ಯಾನರ್ ಹಾಕಿ, ಮೈಭಾರವೆಲ್ಲ ಬಿಟ್ಟು ವಾಲ್ವ್ ಮುಚ್ಚಿದ. ಒದ್ದೆ ಟವೆಲಿನಿಂದ ಮುಖ ಮುಚ್ಚಿಕೊಂಡು ಇಳಿಜಾರಿನಲ್ಲಿ ಓಡಿದ. ಆವಿ ಅವನ ಮೊಣಕಾಲಿನವರೆಗಿತ್ತು, ಮುಂದೆ ಸೊಂಟದವರೆಗೆ. ಬೀದಿಯ ನಾಯಿಯೊಂದು ಸದ್ದಿಲ್ಲದೆ ಬಿದ್ದಿತ್ತು. ಮನೆಯ ಬಾಗಿಲು ತೆರೆದಿತ್ತು. ಹಾಸಿಗೆ ಖಾಲಿ.

“ಮೇಲೆ ಇದ್ದೀವಿ!”

ಪಕ್ಕದ ಮಹಡಿ ಮನೆಯ ತಾರಸಿಯಲ್ಲಿ ಹೆಂಡತಿ ನಿಂತಿದ್ದಳು. ಮಗುವಿನ ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು. ಅವನು ಮೆಟ್ಟಿಲು ಹತ್ತಿ ಬಂದಾಗ ಅವಳು ಅಳಲಿಲ್ಲ.

“ವಾಸನೆ ಬಾಗಿಲಿಗೆ ಬಂದ ಕೂಡ್ಲೇ ಹತ್ತಿದೆ. ಆದ್ರೂ ಮಗು ಒಂದಷ್ಟು ಗ್ಯಾಸ್ ಕುಡೀತು,” ಎಂದಳು. ಆಮೇಲೆ, “ನಿಮ್ಮ ಬಟ್ಟೆ ಇನ್ನೂ ಆಡ್ತಿದೆಯಾ?”

ಆಡುತ್ತಿತ್ತು.

ಈಗ ಆ ಬಟ್ಟೆ ಅವರ ಮನೆಯ ಬಾಗಿಲಲ್ಲಿದೆ, ಮೊಣಕಾಲಿನ ಎತ್ತರಕ್ಕೆ. ತಿಳಿಯಾದ ಸಂಜೆಗಳಲ್ಲಿ ಅವನು ಅದರ ಎದುರಿಗೆ ಕುಳಿತಿರುತ್ತಾನೆ. ಬಟ್ಟೆ ಅಲ್ಲಾಡುವುದಿಲ್ಲ. ಒಳಗೆ ಮೊಮ್ಮಗಳು ಕೆಮ್ಮುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ಕೆಮ್ಮುತ್ತಾಳೆ.